ನೀಲವ್ವ ಹೇಳಿದ ತಪ್ಪು

ಮಲಪ್ರಭೆಯ ದಂಡೆಯ ಮಠವೊಂದರಲ್ಲಿ ಗುರುಪಾದಯ್ಯನವರು ಗೆಳೆಯರೊಂದಿಗೆ ಕೂಡಿ ಒಂದು ತಂತ್ರಾಂಶ ಕಟ್ಟಿದ್ದರು. ಕಂಪ್ಯೂಟರಿನಲ್ಲಿರುವ ಕನ್ನಡವನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಕಣ್ಣು ಕಾಣದವರಿಗೆಂದು ಮಾಡಿದ್ದು. ಬೆಲೆಯಿಲ್ಲ, ಬೀಗವೂ ಇಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು.

ಜಾಹೀರಾತಿಗೆ ಗತಿಯಿರಲಿಲ್ಲ. ಊರೂರಿಗೆ ಹೋಗಿ, ಜನರ ನಡುವೆ ಕೂತು, ಬಾಯಿಂದ ಬಾಯಿಗೆ ಹಬ್ಬಿಸುವ ಕೆಲಸವನ್ನು ಶಿಷ್ಯ ಕಲ್ಮೇಶ ವಹಿಸಿಕೊಂಡ. ಗುರುಗಳಿಗೆ ವಯಸ್ಸಾಗಿತ್ತು. ಅವರ ನಂತರವೂ ತಂತ್ರಾಂಶ ಉಳಿಯಬೇಕಾದರೆ ಅದನ್ನು ತಮ್ಮದೆಂದು ನೋಡಿಕೊಳ್ಳುವ ಜನ ಬೇಕಿತ್ತು.

ಕಲ್ಮೇಶ ಬಾಯಿ ಬಿಟ್ಟರೆ ಬಸ್ಸಿಗೆ ಕಾದವರು ಬಸ್ಸು ಬಿಟ್ಟು ಕೇಳುತ್ತಿದ್ದರು. ಸುತ್ತಾಟ ಮುಗಿಸಿ ಬಂದವನು ಎಲ್ಲೆಲ್ಲಿ ಎಷ್ಟು ಚಪ್ಪಾಳೆ ಬಿತ್ತೆಂದು ಕೈಯಲ್ಲಿದ್ದ ಚಹಾ ಆರಿ ಹೋಗುವವರೆಗೂ ಬಣ್ಣಿಸಿದ.

ಗುರುಗಳು ಕೇಳಿದರು: "ತಪ್ಪು ತೋರಿಸಿದವ್ರು ಯಾರು?"

"ಯಾರೂ ಇಲ್ರಿ ಅಪ್ಪಾರ."

ಗುರುಗಳು ಅವನನ್ನೇ ನೋಡಿದರು. ಕಲ್ಮೇಶನಿಗೆ ಹೆಚ್ಚು ಹೊತ್ತು ತಡೆದುಕೊಳ್ಳಲಾಗಲಿಲ್ಲ.

"ಒಬ್ಬಾಕಿ ಇದ್ಲರಿ," ಎಂದು ಎಲ್ಲ ಹೇಳಿದ.

ಅವಳ ಹೆಸರು ನೀಲವ್ವ. ಹುಟ್ಟಿನಿಂದ ಕಣ್ಣಿಲ್ಲ. ಭಜನೆ ಮೇಳದಲ್ಲಿ ಮುಂದೆ ಕೂತು ಹಾಡುವಾಕೆ. ಹಿಂದಿನ ಸಲ ಅವನು ಕೊಟ್ಟುಬಂದ ತಂತ್ರಾಂಶವನ್ನು ಚೆನ್ನಾಗಿ ಬಳಸಿ ನೋಡಿ, ಈ ಸಲ ತುಂಬಿದ ಸಭೆಯಲ್ಲಿ ಎದ್ದು ನಿಂತಿದ್ದಳು. ಭಜನೆಯ ಪದದ ಸಾಲು ಮುಗಿದಲ್ಲಿ ಇದು ನಿಲ್ಲುವುದಿಲ್ಲ, ಒಂದೇ ಉಸಿರಿಗೆ ಓಡುತ್ತದೆ ಎಂದಳು. ಎಲ್ಲಿ ನಿಲ್ಲಬೇಕೆಂದು ನಾನು ಹೇಳುತ್ತೇನೆ, ತಿದ್ದುವುದನ್ನು ನನಗೆ ಕಲಿಸಿಕೊಡು ಎಂದು ಕೇಳಿದಳು.

ಬಂದ ಜನ ಎದ್ದು ಹೋದಾರೆಂದು ಕಲ್ಮೇಶನಿಗೆ ದಿಗಿಲು. ಎಲ್ಲ ಸರಿಯಾಗಿಯೇ ಇದೆ, ಕೇಳಿ ಕೇಳಿ ರೂಢಿಯಾಗುತ್ತದೆ ಎಂದು ನಕ್ಕು ಮಾತು ತೇಲಿಸಿದ. ಅವನ ಜೊತೆ ಸಭೆಯೂ ನಕ್ಕಿತು. ನೀಲವ್ವ ಕೂತುಬಿಟ್ಟಳು.

"ಆಕಿ ಊರಿಗೆ ಹೋಗಿ ಬಾ," ಎಂದರು ಗುರುಗಳು.

ಹೋದ. ಆ ಊರಲ್ಲಿ ತಂತ್ರಾಂಶ ಬಳಸುವವರು ಒಬ್ಬರೂ ಉಳಿದಿರಲಿಲ್ಲ. ಏನೇ ಅಡಚಣೆ ಬಂದರೂ ಎಲ್ಲರೂ ನೀಲವ್ವನ ಮನೆಗೇ ಹೋಗಿ ಕೇಳುತ್ತಿದ್ದರಂತೆ. ಆಕೆ ಕೈಬಿಟ್ಟಳು, ಅವರೂ ಬಿಟ್ಟರು. ಇದನ್ನು ಕೇಳಿ ಕಲ್ಮೇಶ ನೇರ ಆಕೆಯ ಮನೆಗೆ ನಡೆದ.

ನೀಲವ್ವ ಅವನನ್ನು ಕೂಡಿಸಿ ಚುರುಮುರಿ ಕೊಟ್ಟಳು. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಅವನಿಗೆ. ತಪ್ಪಾಯಿತೆಂದು ಕೈ ಹಿಡಿದುಕೊಂಡ. ಮತ್ತೆ ಶುರು ಮಾಡೆಂದು ಬೇಡಿಕೊಂಡ.

"ಅದು ನಂದೂ ಅಂತ ತಿಳಕೊಂಡಿದ್ದೆ ತಮ್ಮಾ," ಎಂದಳು ಆಕೆ. "ಎಲ್ಲಾರೂ ನಕ್ಕಾಗ ಗೊತ್ತಾತು. ಮಂದಿ ಸಾಮಾನು ನಾ ಯಾಕ ಮುಟ್ಟಲಿ?"

ಮರಳುವ ದಾರಿಯುದ್ದಕ್ಕೂ ಸಭೆಯ ಆ ನಗು ಕಲ್ಮೇಶನ ಕಿವಿಯಲ್ಲೇ ಇತ್ತು. ಅದನ್ನು ಶುರು ಮಾಡಿದವನು ತಾನೇ ಎಂದು ನೆನೆದಾಗಲೆಲ್ಲ ತನ್ನ ಮೇಲೆ ತನಗೇ ಹೇಸಿಗೆ ಬರುತ್ತಿತ್ತು.

ಮಠಕ್ಕೆ ಬಂದವನು ಊಟಕ್ಕೂ ಏಳದೆ ಕೂತ. ತಂತ್ರಾಂಶ ಬಿಚ್ಚಿದ, ಹುಡುಕಿದ, ಕೆಡಿಸಿದ, ಮತ್ತೆ ಕಟ್ಟಿದ. ಕೊನೆಗೆ ಗುರುಗಳ ಮುಂದಿಟ್ಟು ಒಂದು ಭಜನೆಯ ಪದ ಓದಿಸಿದ. ಸಾಲು ಮುಗಿದಲ್ಲೆಲ್ಲ ದನಿ ಒಂದಿಷ್ಟು ನಿಂತು ಮುಂದಕ್ಕೆ ಹೋಯಿತು. ಕೇಳಲು ಚಂದವಿತ್ತು.

"ಆಕಿ ಹೇಳಿದ ತಪ್ಪು ಪೂರಾ ತಿದ್ದೀನ್ರಿ ಅಪ್ಪಾರ," ಎಂದ. ಅವನ ದನಿಯಲ್ಲಿ ಆಸೆಯಿತ್ತು. "ನಾಳೆ ಒಯ್ದು ಕೊಡ್ತೀನಿ. ಈಗರ ಬರ್ತಾಳಲ್ರಿ?"

 ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಆಕಿ ತಿದ್ದಿ ಕೊಡು ಅನ್ನಲಿಲ್ಲ, ತಿದ್ದೂ ಕೆಲಸಾನ ಕೇಳಿದ್ಲಪಾ ಕಲ್ಮೇಶಾ. ಅದನ್ನೂ ನೀನೇ ಮಾಡಿ ಮುಗಿಸಿದಿ."