ಸುಂಕದ ಕಿಟಕಿಯಲ್ಲಿ ಕೂತವರು

"ಮಹಾಪ್ರಭು, ಸುಂಕದ ಬಗ್ಗೆ ಯಾರು ಏನೇ ಕೇಳಲಿ, ನನ್ನ ಆಳುಗಳು ಥಟ್ಟನೆ ಉತ್ತರ ಕೊಡುತ್ತಾರೆ. ಇದುವರೆಗೆ ಒಂದೇ ಒಂದು ದೂರು ಬಂದಿಲ್ಲ!" ಗುತ್ತಿಗೆದಾರ ಸೂರಪ್ಪ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಬೊಮ್ಮರಸ ಮಹಾರಾಜನಿಗೆ ಹಿಗ್ಗೋ ಹಿಗ್ಗು. ಜನರ ಪ್ರಶ್ನೆ ಕೇಳಿ ಕೇಳಿ ಸುಂಕದ ಅಧಿಕಾರಿಗಳಿಗೆ ತಲೆ ಚಿಟ್ಟು ಹಿಡಿಯುತ್ತದೆಂದು, ಸುಂಕದ ಕಟ್ಟೆಯ ಕಿಟಕಿಗಳನ್ನು ಸೂರಪ್ಪನಿಗೆ ವಹಿಸಿಕೊಟ್ಟವನು ಅವನೇ ತಾನೆ!

ವಿದೂಷಕ ಕೊಂಡಯ್ಯ ಮಾತ್ರ ಇದನ್ನು ನಂಬಲಿಲ್ಲ. ಅವನ ಮನೆಗೆ ಹಾಲು ಹಾಕುವ ನಿಂಗಮ್ಮ ಅಂದು ಹೊತ್ತೇರಿದ ಮೇಲೆ ಬರಿಗೈಯಲ್ಲಿ ಅಳುತ್ತಾ ಬಂದಿದ್ದಳು.

"ಹಾಲಿಗೆ ಸುಂಕ ಉಂಟಾ ಅಂತ ಕೇಳಿದೆ ಸ್ವಾಮಿ. ಒಬ್ಬ ಆ ಕಿಟಕಿಗೆ ಹೋಗಮ್ಮ ಅಂದ. ಆ ಕಿಟಕಿಯವನು ಮತ್ತೆ ಈ ಕಿಟಕಿಗೇ ಅಟ್ಟಿದ. ಬಿಸಿಲಲ್ಲಿ ನಿಂತೂ ನಿಂತೂ ಹಾಲು ಒಡೆದೇ ಹೋಯ್ತು. ಆಮೇಲೆ ಏನಂದರು ಗೊತ್ತಾ? ಇದು ಈಗ ಹಾಲಲ್ಲ, ಒಡೆದ ಹಾಲು, ಇದರ ಸಾಲೇ ಬೇರೆ ಅಂದರು! ದಿನಾ ಹೀಗಾದರೆ ಎಮ್ಮೆ ಮಾರಬೇಕಷ್ಟೆ."

ಕೊಂಡಯ್ಯ ಎದ್ದು ಕೈಮುಗಿದ. "ಪ್ರಭು, ಇಂಥ ಮುತ್ತಿನಂಥ ಆಳುಗಳು ಸುಂಕದ ಕಟ್ಟೆಯಲ್ಲಷ್ಟೇ ಇರಬೇಕೇ? ನಾಳೆ ಒಂದು ದಿನ ಅರಮನೆಯ ಊಟದ ಮನೆಗೂ ಬರಲಿ. ಅಡುಗೆಯವರನ್ನು ಯಾರೂ ಮಾತಾಡಿಸಬಾರದು. ಏನು ಬೇಕಾದರೂ ಇವರನ್ನೇ ಕೇಳಬೇಕು."

"ಭೇಷ್! ನಾನೂ ಹಾಗೇ ಮಾಡುತ್ತೇನೆ," ಎಂದ ರಾಜ. ಸೂರಪ್ಪ ಉಬ್ಬಿಹೋದ.

ಮರುದಿನ ಮಧ್ಯಾಹ್ನ ರಾಜ ಬೇಟೆ ಮುಗಿಸಿ, ಹಸಿದು ಬಂದು ಮಣೆಯ ಮೇಲೆ ಕೂತ. ಮುಂದೆ ಬಾಳೆಲೆ ಇತ್ತು, ಎಲೆಯ ಮೇಲೆ ಏನೂ ಇರಲಿಲ್ಲ. ಒಳಗಿನಿಂದ ಒಗ್ಗರಣೆಯ ಘಮ ಮಾತ್ರ ಬರುತ್ತಿತ್ತು.

"ಎಲ್ಲಯ್ಯ ಊಟ?"

"ತಮ್ಮ ಪ್ರಶ್ನೆ ನಮಗೆ ಬಹಳ ಮುಖ್ಯ ಪ್ರಭು," ಬಾಗಿಲಲ್ಲಿ ಕೂತಿದ್ದ ಆಳು ವಿನಯದಿಂದ ಹೇಳಿದ. "ಅನ್ನದ ವಿಚಾರವೋ, ಸಾರಿನದೋ?"

"ಅನ್ನ ಕಣಯ್ಯ!"

"ಹಾಗಾದರೆ ಆ ಬಾಗಿಲಿನವನನ್ನು ಕೇಳಬೇಕು."

ರಾಜ ಎದ್ದು ಆ ಬಾಗಿಲಿಗೆ ಹೋದ. ಅಲ್ಲಿದ್ದವನು ಹೇಳಿದ, "ನನ್ನದು ಬಿಸಿ ಅನ್ನ ಪ್ರಭು. ಇಷ್ಟು ಹೊತ್ತಿಗೆ ಅದು ಆರಿರುತ್ತದೆ. ತಣ್ಣನ್ನ ಮೊದಲ ಬಾಗಿಲಿನವನದು."

"ಅಯ್ಯೋ ನಿನ್ನ! ಒಳಗೆ ಹೋಗಿ ನೋಡಿಕೊಂಡಾದರೂ ಬರಬಾರದೇನೋ?"

ಆಳು, ಪಾಪ, ಕೈಮುಗಿದ. "ನಾವು ಗುತ್ತಿಗೆಯವರು ಪ್ರಭು. ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸುಂಕದ ಕಟ್ಟೆಯಲ್ಲೂ ಅಷ್ಟೇ. ಯಾವುದಕ್ಕೆ ಎಷ್ಟು ಸುಂಕ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ."

"ದೂರು ಕೊಡುತ್ತೇನೆ! ಯಾರಿಗೆ ಕೊಡಬೇಕು, ಹೇಳು!"

"ನಮಗೇ, ಪ್ರಭು."

ಕಂಬದ ಮರೆಯಿಂದ ಕೊಂಡಯ್ಯ ಇಣುಕಿದ. "ಒಂದೂ ದೂರು ಯಾಕೆ ಬಂದಿಲ್ಲ ಅಂತ ಈಗ ತಿಳಿಯಿತೇ ಪ್ರಭು?" ಎಂದು ನಿಂಗಮ್ಮನ ಪಾಡನ್ನೆಲ್ಲ ಹೇಳಿದ.

ರಾಜ ಕೂಡಲೇ ಸೂರಪ್ಪನನ್ನೂ ಸುಂಕದ ಅಧಿಕಾರಿಯನ್ನೂ ಕರೆಸಿ, ಅಧಿಕಾರಿಯನ್ನು ಕೇಳಿದ. "ಹಾಲಿಗೆ ಸುಂಕ ಉಂಟೇನಯ್ಯ?"

"ಇಲ್ಲವಲ್ಲ ಪ್ರಭು! ಎಂದೂ ಇರಲಿಲ್ಲ. ನಮ್ಮನ್ನು ಯಾರೂ ಕೇಳಲೇ ಇಲ್ಲ."

ರಾಜ ಹಣೆ ಚಚ್ಚಿಕೊಂಡ. "ನಾಳೆಯಿಂದ ಕಿಟಕಿಯಲ್ಲಿ ನೀವೇ ಕೂರಬೇಕು. ಈ ಹುಡುಗರು ಒಳಗೆ ಕೂತು ಮೊದಲು ಕೆಲಸ ಕಲಿಯಲಿ. ನಿಂಗಮ್ಮನಿಗೆ ಆದ ನಷ್ಟವನ್ನು ಸೂರಪ್ಪ ತುಂಬಿಕೊಡಲಿ."

ಸೂರಪ್ಪನ ಮುಖ ಸಪ್ಪಗಾಯಿತು. ರಾಜನಿಗೆ ಆ ಹಸಿವಿನಲ್ಲೂ ನಗು ಬಂತು.

"ಕೊಂಡಯ್ಯ, ನನ್ನನ್ನು ಉಪವಾಸ ಕೆಡವಿ ಬುದ್ಧಿ ಕಲಿಸಿದೆಯಲ್ಲ! ಏನು ಬಹುಮಾನ ಬೇಕು, ಕೇಳು."

ಕೊಂಡಯ್ಯ ಆ ಬಾಗಿಲು ನೋಡಿದ, ಈ ಬಾಗಿಲು ನೋಡಿದ, ತಲೆ ಕೆರೆದುಕೊಂಡ.

"ಕೇಳುತ್ತೇನೆ ಪ್ರಭು. ಯಾವ ಬಾಗಿಲಲ್ಲಿ ಕೇಳಲಿ?"