ಫಕೀರವ್ವನ ತೂಕ

ಹೊಳೆದಂಡೆಯಲ್ಲಿ ಒಂದು ಮಠ. ಅಲ್ಲಿ ಅಡವಯ್ಯಜ್ಜ ಎಂಬ ಸ್ವಾಮಿಗಳು. ಪೂಜೆಗಿಂತ ಅವರು ಔಷಧಿ ಕೊಡುವುದೇ ಹೆಚ್ಚು. ಮುಪ್ಪಾಗಿತ್ತು, ಮೊಣಕಾಲು ಸೋತಿದ್ದವು, ಆದರೂ ಬಂದ ರೋಗಿಯನ್ನು ನೋಡದೆ ಊಟಕ್ಕೆ ಏಳುತ್ತಿರಲಿಲ್ಲ.

ಆ ದಂಡೆಯ ಊರುಗಳಿಗೆ ಸಕ್ಕರೆ ಕಾಯಿಲೆ ಹೊಕ್ಕಿತ್ತು. ಒಬ್ಬರ ಕಣ್ಣು ಮಂಜಾಗುತ್ತಿತ್ತು, ಇನ್ನೊಬ್ಬರ ಕಾಲ್ಬೆರಳು ಕಪ್ಪಾಗುತ್ತಿತ್ತು. ದೊಡ್ಡಾಸ್ಪತ್ರೆಗೆ ಹೋಗಿ ಬೆರಳು ಕಳೆದುಕೊಂಡು ಬಂದವರು ಓಣಿಗೊಬ್ಬರಾದರೂ ಇದ್ದರು.

ಅಜ್ಜನಿಗೆ ಒಂದೇ ಚಿಂತೆ. ಈ ರೋಗ ಹಿಡಿದವರ ಮೈ ಹರೆಯದಲ್ಲಿ ಹೇಗಿತ್ತು? ಆಗಿನಿಂದಲೇ ದಪ್ಪವಿದ್ದರೋ, ಆಮೇಲೆ ಮೈ ಬಂತೋ? ಅದೊಂದು ಗೊತ್ತಾದರೆ, ಮುಂದೆ ಯಾರಿಗೆ ಬರಬಹುದು ಅಂತ ಮೊದಲೇ ಹುಡುಕಿ ಎಚ್ಚರಿಸಬಹುದು.

ಆ ಕೆಲಸ ಶಿಷ್ಯ ಈರಭದ್ರನ ಹೆಗಲಿಗೆ ಬಿತ್ತು. ತೂಕದ ಯಂತ್ರ ಹೊತ್ತು ಮನೆಮನೆ ತಿರುಗಿದ. ರೋಗ ಇದ್ದವರು, ಇಲ್ಲದವರು, ಎಲ್ಲರನ್ನೂ ತೂಗಿದ. ತೂಗಿದ ಮೇಲೆ ಒಂದೇ ಪ್ರಶ್ನೆ: "ಇಪ್ಪತ್ತು ವರ್ಷದವರಿದ್ದಾಗ ಎಷ್ಟು ತೂಕ ಇದ್ರಿ?"

ಇಪ್ಪತ್ತರ ವಯಸ್ಸಿನಲ್ಲಿ ಯಂತ್ರದ ಮೇಲೆ ನಿಂತವರು ಯಾರಿದ್ದರು, ಪಾಪ!

ಬಿಸಿಲು ಶುರುವಾದಾಗ ಹೋದವನು ಮೊದಲ ಮಳೆಗೆ ತಿರುಗಿ ಬಂದ. ಚಪ್ಪಲಿ ಸವೆದಿತ್ತು, ಮುಖ ಸುಟ್ಟಿತ್ತು. ಯಂತ್ರವನ್ನು ಪಡಸಾಲೆಯಲ್ಲಿ ಕುಕ್ಕಿ, ಅದರ ಪಕ್ಕದಲ್ಲೇ ಕುಸಿದು ಕುಂತ.

"ಸಾಕಾಗಿ ಹೋಗೇತ್ರಿ ಅಜ್ಜಾರ. ಬರೇ ಸುಳ್ಳು."

"ಏನಂದ್ರು?"

"ಗರಡಿಮನಿ ಪರಸಪ್ಪ ಎರಡು ಕ್ವಿಂಟಲ್ ಇದ್ನಂತ್ರಿ. 'ಕಾಕಾ, ಗರಡಿ ಬಾಗಲದಾಗ ಹೆಂಗ ಹಿಡಿಸ್ತಿದ್ರಿ?' ಅಂದೆ. ಹೊಡಿಯಾಕ ಬಂದ."

ಅಜ್ಜನ ಮುಖದಲ್ಲಿ ನಗು ಬಂದು ಹೋಯಿತು.

"ಇನ್ನ ತುಂಗವ್ವಾಯಿ. ಆಕಿ ನಿಂತರ ಯಂತ್ರದ ಮುಳ್ಳು ಕಡೀತನಕ ಹೋತ್ರಿ. ಹರೇದಾಗ ಬಳ್ಳಿ ಹಂಗ ಇದ್ದಳಂತ. ಒಳಗಿಂದ ಆಕಿ ಗಂಡ ನಕ್ಕ. ಅವನ ಪಾಡು ಆಮ್ಯಾಲೆ ಏನಾತೋ ಗೊತ್ತಿಲ್ರಿ. ಸಣಕಲ ಇದ್ದಾರು ದಪ್ಪ ಇದ್ವಿ ಅಂತಾರ, ದಪ್ಪ ಇದ್ದಾರು ಸಣ್ಣ ಇದ್ವಿ ಅಂತಾರ. ಇದರಾಗ ಏನು ತಿಳಿಯೂದು, ಮಣ್ಣು?"

"ಖರೇ ಹೇಳಿದಾರು ಒಬ್ಬರೂ ಸಿಗಲಿಲ್ಲೇನು?"

"ಒಬ್ಬಾಕಿ ಸಿಕ್ಕಳ್ರಿ. ನಮ್ಮವ್ವ."

ಈರಭದ್ರನ ತಾಯಿ ಫಕೀರವ್ವ ಹೊಳೆಯಾಚೆ ತನ್ನ ತಂಗಿಯ ಮನೆಯಲ್ಲಿದ್ದಳು. ಅವಳಿಗೂ ಸಕ್ಕರೆ ಕಾಯಿಲೆ. ಹೋದ ವರ್ಷ ಎಡಗಾಲಿನ ಹೆಬ್ಬೆರಳು ತೆಗೆದಿದ್ದರು. ಈಗ ಪಾದವೇ ಹೋಗುವ ಮಾತು ನಡೆದಿತ್ತು.

"ಏನಂದಳು ನಿಮ್ಮವ್ವ?"

"ಅರವತ್ತು ಕಿಲೋ ಅಂದಳ್ರಿ. 'ಮೊದಲಿಂದ್ಲೂ ಮೈ ತುಂಬಿದಾಕಿ ನಾನು' ಅಂದಳು. ಉಳಿದಾರು ಏನರ ಹೇಳಲಿ, ಹೆತ್ತವ್ವ ಮಗನ ಮುಂದ ಸುಳ್ಳು ಹೇಳ್ತಾಳೇನ್ರಿ?"

ಅಜ್ಜ ಮೊಣಕಾಲು ತಿಕ್ಕಿಕೊಂಡರು.

"ನನಗ ತಿಳಿದದ್ದು ಇಷ್ಟರಿ. ಇದು ತಿಂದು ತಿಂದು ಬಂದ ರೋಗ. ಮೊದಲಿಂದ ದಪ್ಪ ಇದ್ದಾರಿಗೆ ಬುದ್ಧಿ ಹೇಳೂದು, ಸಣಕಲ ಇದ್ದಾರನ್ನ ಬಿಟ್ಟುಬಿಡೂದು. ಅವ್ವಗೂ ಹೇಳಿ ಬಂದೆ. 'ಬಾಯಿ ಕಟ್ಟಿದ್ರ ಬೆರಳು ಉಳೀತಿತ್ತಲ್ಲಬೇ' ಅಂದೆ."

"ಅದಕ್ಕ ಏನಂದಳು?"

"'ಹೌದಪಾ' ಅಂದಳ್ರಿ. ರೊಟ್ಟಿ ಬಡಿಯಾಕ ಎದ್ದು ಹೋದಳು."

ಅಜ್ಜ ಗೋಡೆ ಹಿಡಿದು ಎದ್ದರು. ಉಗ್ರಾಣದಿಂದ ಒಂದು ಖಾಲಿ ಚೀಲ ತಂದು ಶಿಷ್ಯನ ಮುಂದೆ ಹಾಕಿದರು.

"ಅರವತ್ತು ಕಿಲೋ ಜೋಳ ತುಂಬು."

ಈರಭದ್ರನಿಗೆ ಕೈ ಎತ್ತುವ ತ್ರಾಣವೂ ಇರಲಿಲ್ಲ. ಆದರೂ ಗುರುವಿನ ಮಾತು. ತುಂಬಿದ, ತೂಗಿದ, ನೆಲಕ್ಕೆ ಮಲಗಿಸಿದ.

ಅಜ್ಜ ಬಗ್ಗಿ ಚೀಲದ ಅಡಿಗೆ ಎರಡೂ ಕೈ ಕೊಟ್ಟರು. ಅದು ಅಲುಗಲಿಲ್ಲ.

"ತೆಗಿ."

ಈರಭದ್ರ ಒಂದಿಷ್ಟು ಜೋಳ ತೆಗೆದ. ಅಜ್ಜ ಮತ್ತೆ ಬಗ್ಗಿದರು.

"ಇನ್ನೂ ತೆಗಿ."

"ಬ್ಯಾಡ್ರಿ ಅಜ್ಜಾರ, ನಡ ಹಿಡಕೊಂತೈತಿ."

"ನನ್ನ ನಡದ ಚಿಂತಿ ನಿನಗ ಬ್ಯಾಡ. ತೆಗಿ."

ಹಾಗೇ ನಡೆಯಿತು. ಅಜ್ಜನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಕೊನೆಗೊಮ್ಮೆ ಅವರು ಚೀಲವನ್ನು ಮಲಗಿದ ಮನುಷ್ಯರನ್ನು ಎತ್ತುವಂತೆ ಎರಡೂ ತೋಳಿನ ಮೇಲೆ ಎತ್ತಿಕೊಂಡು, ಬಾಗಿಲ ತನಕ ಹೋಗಿ ಬಂದರು. ಮೆಲ್ಲಗೆ ಇಳಿಸಿದರು.

"ಇಷ್ಟ ಇತ್ತು. ತೂಗು."

ಈರಭದ್ರ ತೂಗಿದ. ಮೂವತ್ತೆರಡು ಕಿಲೋ.

"ಇದು ಯಾರ ತೂಕ?"

"ಯಾರೋ ಸಾಲಿ ಹುಡುಗೀದಿರಬೇಕ್ರಿ."

"ನಿಮ್ಮವ್ವಂದು. ಇಪ್ಪತ್ತನೇ ವರ್ಷದ್ದು."

ಈರಭದ್ರ ಮುಳ್ಳನ್ನು ಇನ್ನೊಮ್ಮೆ ಬಗ್ಗಿ ನೋಡಿದ.

ಅಜ್ಜ ಕಂಬಕ್ಕೆ ಆತು ಕುಂತರು. ಉಸಿರು ಹದಕ್ಕೆ ಬರಲು ಹೊತ್ತು ಹಿಡಿಯಿತು.

"ಈ ಹೊಳಿಗೆ ಸೇತುವಿ ಕಟ್ಟೂ ಮುಂದ ಕಲ್ಲು ಒಡದು ಖಡಿ ಮಾಡಾಕ ಬಂದಿದ್ದಳು. ನಿಮ್ಮಪ್ಪ ಆಗಷ್ಟೇ ತೀರಿಕೊಂಡಿದ್ದ. ಒಂದಿನ ಬಿಸಿಲಾಗ ಬಿದ್ದಳು. ನಾನೇ ಎತ್ತಿಕೊಂಡು ಬಂದು ಈ ಪಡಸಾಲ್ಯಾಗ ಮಲಗಿಸಿದೆ. ಆಮ್ಯಾಲೆ ಮಠದ ಅಡಗಿಮನ್ಯಾಗ ಉಳದಳು. ಎರಡು ಹೊತ್ತು ಉಂಡಳು, ಮೈ ಬಂತು. ನಿನಗ ಬುದ್ಧಿ ತಿಳಿಯೂದ್ರಾಗ ದಪ್ಪ ಆಗಿದ್ದಳು."

ಊರೂರು ತಿರುಗಿ ಯಾರ ಮಾತನ್ನೂ ನಂಬದಂತಾಗಿದ್ದ ಈರಭದ್ರ. ಗುರುವನ್ನೂ ಬಿಡಲಿಲ್ಲ.

"ಆವಾಗ ನಿಮಗ ಕಸುವಿತ್ರಿ. ಈಗ ಮುಪ್ಪು. ಅವತ್ತಿನ ಭಾರ ಇವತ್ತಿನ ಕೈಗೆ ಹೆಂಗ ತಿಳಿದೀತು?"

"ಅದೂ ಖರೇ. ಮೂರು ನಾಕು ಕಿಲೋ ಹೆಚ್ಚಿಗೆ ಹಿಡಿ. ನಾನೂ ನಿನ್ನ ಪರಸಪ್ಪನಂಗ ಮನಷ್ಯಾ. ಆದ್ರ ಅರವತ್ತು ಇರಲಿಲ್ಲ, ತಮ್ಮಾ."

ಈರಭದ್ರ ಚೀಲದ ಮೇಲೆ ಕೈಯಿಟ್ಟ. ಎಂಥಾ ಮಾತು ಅಂದು ಬಂದೆನಲ್ಲ ಅವ್ವಗೆ! ಇಡೀ ಬೇಸಿಗೆ ತಿರುಗಿದ ದಣಿವು ಈಗ ಒಮ್ಮೆಲೇ ಮೈಮೇಲೆ ಬಿತ್ತು.

"ಹಂಗಾರ ಆಕಿ ತಿಂದು ಕೆಟ್ಟಾಕಿ ಅಲ್ಲ" ಅಂದ. ಅವನ ದನಿ ಅವನಿಗೇ ಕೇಳಿಸುವಷ್ಟಿತ್ತು.

"ಸಣಕಲ ಇದ್ದಾರನ್ನ ಬಿಡಬ್ಯಾಡ. ಎರಡು ದಿನ ದಣಿವು ಆರಿಸಿಕೋ, ಮತ್ತ ಹೋಗು. ಈ ಸಲ ಅವರನ್ನ ಕೇಳಬ್ಯಾಡ. ಅವರನ್ನ ಎತ್ತಿ ಆಡಿಸಿದಾರು, ಹೊತ್ತು ತಂದಾರು, ಉಣ್ಣಾಕ ನೀಡಿದಾರು ಯಾರರ ಬದುಕಿದ್ರ ಅವರನ್ನ ಕೇಳು."

"ಹೋಗ್ತೀನ್ರಿ."

ಹೋಗುತ್ತೇನೆ ಅಂದವನು ಏಳಲಿಲ್ಲ. ಹೊರಗೆ ಮಳೆ ನಿಂತಿತ್ತು. ಚೀಲದ ಬಾಯಿ ಕಟ್ಟುತ್ತ ತಲೆ ಎತ್ತಿದ.

"ಆದ್ರ ನನ್ನ ಮುಂದ ಅರವತ್ತು ಅಂತ ಯಾಕ ಹೇಳಿದಳ್ರಿ ಅಜ್ಜಾರ? ಉಪವಾಸ ಇದ್ದೆ ಅಂದಿದ್ರ ನಾನೇನು ಬೈತಿದ್ನೇನು?"

ಅಜ್ಜ ಕಣ್ಣು ಮುಚ್ಚಿಕೊಂಡೇ ಹೇಳಿದರು.

"ಅವತ್ತ ಬಿದ್ದಾಕಿ ಮಗ್ಗಲಾಗ ನೀನಿದ್ದಿ, ತಮ್ಮಾ. ತನ್ನ ತುತ್ತೂ ನಿನಗ ಉಣಿಸಿದ್ದಳು. ಗುಂಡಕಲ್ಲಿನಂಗ ಇದ್ದಿ."