ನೀರುಗಂಟಿಯ ಕೈಗಡಿಯಾರ

"ಬುದ್ಧಿ, ಒಬ್ಬ ಮನುಷ್ಯನ ನಡತೆಯನ್ನು ಅಳೆಯುವುದಕ್ಕೆ ಎಲ್ಲಕ್ಕಿಂತ ಒಳ್ಳೆಯ ನಿಯಮ ಯಾವುದು?" ಎಂದು ಮರುಳಯ್ಯ ಗುರುಗಳನ್ನು ಕೇಳಿದ.

ಮಠದ ಬೆಳಗಿನ ಪೂಜೆಯ ಉಸ್ತುವಾರಿ ಮರುಳಯ್ಯನದು. ಅವನ ಕೈಕೆಳಗೆ ಹೂವು ನೀರು ತರುವ ಪರ್ವತಯ್ಯ ಪೂಜೆಗೆ ತಡವಾಗಿ ಬರುತ್ತಾನೆ ಎಂಬುದು ಅವನ ದೂರು. ಅಂಥವನು ಮಠದಲ್ಲಿರಬೇಕೋ ಬೇಡವೋ ಎಂಬ ತೀರ್ಮಾನವನ್ನು ಗುರುಗಳು ಅವನಿಗೇ ಬಿಟ್ಟಿದ್ದರು. ಮರುಳಯ್ಯ ಹಿರಿಯ ಮಠಗಳ ಕಟ್ಟಳೆ ವಿಚಾರಿಸಿದ. ಶಾಸ್ತ್ರ ಬಲ್ಲವರನ್ನು ಕೇಳಿದ. ಒಬ್ಬೊಬ್ಬರು ಒಂದೊಂದು ಹೇಳಿದರು. ತೀರ್ಮಾನ ಆಗುವವರೆಗೆ ಪೂಜೆಮನೆಯ ಹೊಸ್ತಿಲು ದಾಟಬೇಡ ಎಂದು ಪರ್ವತಯ್ಯನಿಗೆ ಹೇಳಿಟ್ಟಿದ್ದ. ಪರ್ವತಯ್ಯ ದಿನಾ ಬಂದು ಹೊರಜಗುಲಿಯಲ್ಲಿ ಕೂತು ಎದ್ದು ಹೋಗುತ್ತಿದ್ದ.

"ನಾನು ಹೆಚ್ಚು ಓದಿದವನಲ್ಲ, ಬುದ್ಧಿ. ನನ್ನ ಯೋಗ್ಯತೆಗೆ ಎಟುಕುವಂಥದ್ದು, ಆದರೆ ಎಲ್ಲಿಯೂ ತಪ್ಪದಂಥದ್ದು, ಒಂದನ್ನು ಹೇಳಿಬಿಡಿ."

ಗುರುಗಳು ನಿಟ್ಟುಸಿರು ಬಿಟ್ಟರು. ಇದೇ ಪ್ರಶ್ನೆಯನ್ನು ಮರುಳಯ್ಯ ತಿರುಗಿಸಿ ಮುರುಗಿಸಿ ತಂದದ್ದು ಇದು ಮೊದಲ ಸಲವಲ್ಲ. ಆದರೂ ದೇವರು ಕೊಟ್ಟ ಶಿಷ್ಯ. ಕೇಳಿದವನಿಗೆ ಹೇಳಲೇಬೇಕು.

"ಕೂತುಕೋ, ಮರಿ" ಎಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಕೆರೆಯಿತ್ತು, ಕೆರೆಯ ಕೆಳಗೆ ಗದ್ದೆಗಳಿದ್ದವು. ತೂಬು ಎತ್ತಿ, ಕಾಲುವೆಯ ಕಂಡಿ ತೆಗೆದು, ಪಾಳಿಯ ಪ್ರಕಾರ ಒಬ್ಬೊಬ್ಬರ ಗದ್ದೆಗೆ ನೀರು ಹಾಯಿಸುವವನು ನೀರುಗಂಟಿ. ಅವನ ತಂದೆ ಮಾಡಿದ್ದೂ ಅದೇ ಕೆಲಸ, ತಾತ ಮಾಡಿದ್ದೂ ಅದೇ ಕೆಲಸ. ತಾತ ತೂಬಿನ ಕಲ್ಲಿನ ನೆರಳು ನೋಡಿ ಹೊತ್ತು ಗೊತ್ತುಮಾಡುತ್ತಿದ್ದ. ಮೋಡ ಕವಿದ ದಿನ ಅಂದಾಜಿನ ಮೇಲೆ ಬಿಡುತ್ತಿದ್ದ. ಗಂಗಮ್ಮ ಮೆಚ್ಚುವಂತೆ ಬಿಟ್ಟಿದ್ದೇನೆ ಎಂದರೆ ಊರು ಒಪ್ಪುತ್ತಿತ್ತು.

ಆಮೇಲೆ ಊರಿಗೆ ಕೈಗಡಿಯಾರಗಳು ಬಂದವು. ಒಬ್ಬನಿಗೆ ಮದುವೆಯಲ್ಲಿ ಮಾವ ಕಟ್ಟಿದ್ದು. ಒಬ್ಬ ಸಂತೆಯಲ್ಲಿ ಚೌಕಾಸಿ ಮಾಡಿ ತಂದದ್ದು. ಇನ್ನೊಬ್ಬನಿಗೆ ಭಾವಮೈದ ತನಗೆ ಸಾಕಾಯಿತೆಂದು ಕೊಟ್ಟದ್ದು. ಒಂದು ಹೇಳಿದ ಹೊತ್ತನ್ನು ಇನ್ನೊಂದು ಹೇಳುತ್ತಿರಲಿಲ್ಲ. ಕಾಲುವೆಯ ಮೇಲೆ ದಿನವೂ ಜಗಳ. ಒಮ್ಮೆ ಅಕ್ಕಪಕ್ಕದ ಗದ್ದೆಯವರಿಬ್ಬರು ಗುದ್ದಲಿ ಎತ್ತಿದರು. ನೀರುಗಂಟಿ ನಡುವೆ ಬಿದ್ದು ಬಿಡಿಸಿದ.

ಊರ ಗೌಡರು ಎಲ್ಲರನ್ನೂ ಸೇರಿಸಿದರು. ನೀರುಗಂಟಿಗೆ ಊರಿನಿಂದಲೇ ಒಂದು ವಾಚು ಕೊಡಿಸುವುದು, ಅದನ್ನು ನೋಡಿಯೇ ನೀರು ಬಿಡುವುದು ಎಂದಾಯಿತು. ಮನೆಗಿಷ್ಟು ಎಂದು ಎತ್ತಿದರು. ಬಡವರ ಊರು; ಕೂಡಿದ್ದು ಹೆಚ್ಚೇನೂ ಇರಲಿಲ್ಲ. ಅಷ್ಟರಲ್ಲಿ ಯಾರೋ ಒಬ್ಬರು, ವಾಚು ಬರುವ ತನಕ ನೀರು ಬಿಟ್ಟರೆ ಮತ್ತೆ ಜಗಳವಾಗುತ್ತದಲ್ಲ ಎಂದರು. ಅದೂ ಹೌದೆನಿಸಿತು.

"ಹಾಗಾದ್ರೆ ಅಲ್ಲೀ ತನಕ ತೂಬು ಮುಚ್ಚಿರ್ಲಿ. ಯಾರಿಗೂ ಅನ್ಯಾಯ ಆಗೋದು ಬೇಡ" ಎಂದರು ಗೌಡರು. ನೀರುಗಂಟಿಯ ಕಡೆ ತಿರುಗಿ, "ದುಡ್ಡು ಹತ್ತು ಜನರದ್ದು ಕಣಪ್ಪ. ನಾಳೆ ಒಬ್ಬ ಬಂದು ಈ ವಾಚು ಸರಿಯಿಲ್ಲ ಅಂದ್ರೆ, ತೂಬಿನ ಕೆಲಸ ನಿನ್ನ ಕೈಲಿ ಇರಲ್ಲ. ನೋಡಿ ತಾ" ಎಂದರು.

ಎಲ್ಲರೂ ತಲೆಯಾಡಿಸಿದರು. ಭತ್ತ ಆಗ ತೆನೆ ಬಿಡುವ ಹೊತ್ತು. ಕೆರೆ ಕೋಡಿಯ ಮಟ್ಟಕ್ಕೆ ತುಂಬಿ ನಿಂತಿತ್ತು. ನೀರುಗಂಟಿ ಗಂಗಮ್ಮನಿಗೆ ಕೈಮುಗಿದು ತೂಬು ಇಳಿಸಿದ.

ಮರುದಿನ ಪೇಟೆಯ ಗಡಿಯಾರದ ಅಂಗಡಿಗೆ ಹೋದ. ವ್ಯಾಪಾರಿ ಒಳ್ಳೆಯವನು, ಮಾತಿನವನು. ಕೈಲಿದ್ದ ದುಡ್ಡಿಗೆ ಬರುವ ವಾಚುಗಳನ್ನೆಲ್ಲ ಗಾಜಿನ ಮೇಲೆ ಹರಡಿದ. ಒಂದು ಕಪ್ಪು ಮುಖದ್ದು, ಒಂದು ಬಿಳಿ ಮುಖದ್ದು, ಒಂದು ಕೀ ಕೊಡುವುದು, ಒಂದು ಸೆಲ್ಲಿನದು. ನೀರುಗಂಟಿಗೆ ಎಲ್ಲವೂ ಚೆನ್ನಾಗಿಯೇ ಕಂಡವು. ಅದೇ ಅವನ ಭಯ. ತನ್ನ ದುಡ್ಡಾಗಿದ್ದರೆ ಯಾವುದನ್ನಾದರೂ ಕಟ್ಟಿಕೊಂಡು ಹೊರಡಬಹುದಿತ್ತು. ಒಂದನ್ನು ಕೈಯಲ್ಲಿ ಹಿಡಿದರೆ ಗೌಡರ ಮುಖ ಕಾಣುತ್ತಿತ್ತು. ಇನ್ನೊಂದನ್ನು ಹಿಡಿದರೆ ಗುದ್ದಲಿ ಎತ್ತಿದವರ ಮುಖ ಕಾಣುತ್ತಿತ್ತು. ಊರವರನ್ನು ಒಂದು ಮಾತು ಕೇಳಿ ಬರುತ್ತೇನೆ ಎಂದು ಎದ್ದ.

ಊರವರನ್ನು ಕೇಳಿದ. ಕೇಳಬಾರದಿತ್ತು.

ಚರ್ಮದ ಪಟ್ಟಿಯದು ಬೇಡ, ಗಂಗಮ್ಮನ ತೂಬು ಮುಟ್ಟುವ ಕೈ ಎಂದರು ಒಬ್ಬರು. ಕೀ ಕೊಡುವುದು ಬೇಡ, ನೀನು ಮರೆತರೆ ನಮ್ಮ ಪಾಳಿ ಹೋಯಿತು ಎಂದರು ಇನ್ನೊಬ್ಬರು. ಸೆಲ್ಲಿನದು ಬೇಡ, ಸೆಲ್ಲು ಯಾವಾಗ ಸಾಯುತ್ತದೆಂದು ಯಾರು ಕಂಡವರು ಎಂದರು ಮತ್ತೊಬ್ಬರು. ಅಂಕಿ ದಪ್ಪಗಿರಲಿ. ಕನ್ನಡದಂಕಿಯೇ ಇರಲಿ. ಸೆಕೆಂಡಿನ ಮುಳ್ಳಂತೂ ಇರಲೇಬೇಕು, ಒಂದು ಸೆಕೆಂಡಿಗೆ ಒಂದು ಬೊಗಸೆ ನೀರು ಹೋಗುತ್ತದೆ. ನೀರು ಹೊಕ್ಕರೂ ಕೆಡಬಾರದು. ಒಬ್ಬನಂತೂ ತಾರೀಖು ತೋರಿಸುವುದೇ ಬೇಕು ಎಂದು ಹಟ ಹಿಡಿದ. ಪಾಳಿಗೂ ತಾರೀಖಿಗೂ ಏನು ಸಂಬಂಧ ಎಂದು ನೀರುಗಂಟಿ ಕೇಳಿದ್ದಕ್ಕೆ, "ಕೊಡೋ ದುಡ್ಡಿಗೆ ಬರೋದನ್ನ ಯಾಕೆ ಬಿಡ್ತೀಯ?" ಎಂದ.

ನೀರುಗಂಟಿಗೆ ತಲೆ ಚಿಟ್ಟು ಹಿಡಿಯಿತು. ಆದರೂ ತಾಳಿಕೊಂಡು ಮತ್ತೆ ಪೇಟೆಗೆ ಹೋದ. ಹೇಳಿದ್ದನ್ನೆಲ್ಲ ಒಪ್ಪಿಸಿದ. ವ್ಯಾಪಾರಿ ಹುಡುಕಿದ. ದಪ್ಪ ಅಂಕಿಯದರಲ್ಲಿ ಸೆಕೆಂಡಿನ ಮುಳ್ಳಿರಲಿಲ್ಲ. ಸೆಕೆಂಡಿನ ಮುಳ್ಳಿದ್ದದ್ದು ನೀರಿಗೆ ತಡೆಯುತ್ತಿರಲಿಲ್ಲ. ನೀರಿಗೆ ತಡೆಯುವುದಕ್ಕೆ ದುಡ್ಡು ಸಾಲುತ್ತಿರಲಿಲ್ಲ. ಬರಿಗೈಯಲ್ಲಿ ಊರಿಗೆ ಬಂದ. ಹೋದವನು ಏನೂ ತರಲಿಲ್ಲವೆಂದು ಊರವರು ರೇಗಿದರು. ತಾರೀಖಿನವನು, "ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳು, ನಾನೇ ಹೋಗ್ತೀನಿ" ಎಂದ. ಆದರೆ ಹೋಗಲಿಲ್ಲ. ಮತ್ತೆ ಇವನೇ ಹೋದ.

ಆ ಸಲ ವ್ಯಾಪಾರಿ ವಾಚುಗಳನ್ನು ಹೊರಗೆ ತೆಗೆಯಲಿಲ್ಲ.

"ಅಣ್ಣ, ಮಗಳಿಗೆ ಗಂಡು ನೋಡೋರೂ ಇಷ್ಟು ಸಲ ಬರಲ್ಲ. ಅಲ್ಲ, ಯಾತಕ್ಕೆ ಬೇಕು ನಿಮಗೆ ವಾಚು?"

"ಗದ್ದೆಗೆ ನೀರು ಬಿಡೋಕೆ, ಸ್ವಾಮಿ."

"ಮತ್ತೆ ಈಗ ನೀರು ಹೆಂಗೆ ಬಿಡ್ತಾ ಇದ್ದೀರಿ?"

"ಬಿಡ್ತಾ ಇಲ್ಲ. ವಾಚು ಸಿಕ್ಕಿದ ಮೇಲೆ ಬಿಡೋದು ಅಂತ."

ವ್ಯಾಪಾರಿ ಅವನ ಮುಖವನ್ನೇ ನೋಡಿದ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಕೂತ.

"ನೀವು ಕೇಳೋದೆಲ್ಲ ಇರೋ ವಾಚು ನಿಮ್ಮ ದುಡ್ಡಿಗೆ ಇನ್ನೂ ಯಾರೂ ಮಾಡಿಲ್ಲ, ಅಣ್ಣ. ಮಾಡಿದ ದಿನ ಹೇಳಿ ಕಳಿಸ್ತೀನಿ" ಎಂದ.

ನೀರುಗಂಟಿ ಎದ್ದು ಬಂದ. ಅವನಿಗೆ ವ್ಯಾಪಾರಿಯ ಮೇಲೂ ಸಿಟ್ಟು ಬಂದಿತ್ತು, ಊರಿನ ಮೇಲೂ ಬಂದಿತ್ತು. ದಾರಿಯುದ್ದಕ್ಕೂ ತನ್ನಷ್ಟಕ್ಕೆ ಬೈದುಕೊಂಡು ನಡೆದ. ಹೊತ್ತು ಇಳಿಯುವಾಗ ಕೆರೆ ಏರಿಯ ಮೇಲೆ ಬಂದ.

ಏರಿಯ ಕೆಳಗಿನ ಗದ್ದೆಗಳಲ್ಲಿ ನೆಲ ಬಿರುಕು ಬಿಟ್ಟಿತ್ತು. ತೆನೆ ಅರ್ಧ ಹೊರಗೆ ಬಂದು ಹಾಗೆಯೇ ನಿಂತಿತ್ತು. ಎಲೆಯ ತುದಿ ಒಣಗಿ ಸುರುಳಿ ಸುತ್ತಿಕೊಂಡಿತ್ತು. ಏರಿಯ ಇನ್ನೊಂದು ಬದಿಗೆ ತುಂಬಿದ ಕೆರೆ. ಒಬ್ಬ ಹೆಂಗಸು ಕೆರೆಯಲ್ಲಿ ಕೊಡ ಮುಳುಗಿಸಿ, ಸೊಂಟಕ್ಕೆ ಇಟ್ಟುಕೊಂಡು, ಏರಿ ಹತ್ತಿ ಇಳಿದು, ತನ್ನ ಗದ್ದೆಗೆ ಸುರಿಯುತ್ತಿದ್ದಳು. ಸುರಿದ ನೀರು ಬಿರುಕಿನಲ್ಲಿ ಇಳಿದು ಕಾಣದಾಗುತ್ತಿತ್ತು. ಅವಳು ಮತ್ತೆ ಏರಿ ಹತ್ತುತ್ತಿದ್ದಳು. ತೂಬು ಅವಳ ಪಕ್ಕದಲ್ಲೇ ಇತ್ತು.

ಅವಳು ಅವನನ್ನು ಕಂಡು ನಿಂತಳು. "ವಾಚು ಬಂತೇನಪ್ಪ?" ಎಂದು ಕೇಳಿದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಬಂತೆಂದರೆ ಕೊಡ ಇಳಿಸೋಣ ಎಂಬಂತೆ ಕೇಳಿದಳು, ಅಷ್ಟೆ.

ನೀರುಗಂಟಿ ಏರಿ ಇಳಿಯಲಿಲ್ಲ. ಮನೆಗೂ ಹೋಗಲಿಲ್ಲ. ಬಂದ ದಾರಿಯಲ್ಲೇ ಪೇಟೆಗೆ ತಿರುಗಿದ.

ವ್ಯಾಪಾರಿ ಬಾಗಿಲು ಎಳೆಯುತ್ತಿದ್ದ. ಇವನನ್ನು ಕಂಡು, "ದೇವರೇ" ಎಂದ.

"ಯಾವುದಾದ್ರೂ ಕೊಡಿ. ಮುಳ್ಳು ತಿರುಗಿದ್ರೆ ಸಾಕು" ಎಂದ ನೀರುಗಂಟಿ.

ವ್ಯಾಪಾರಿ ಒಳಗೆ ಹೋಗಿ ಒಂದನ್ನು ತಂದ. ಅವನು ಪ್ರಾಮಾಣಿಕ. "ಇದು ಗಟ್ಟಿ ಮಾಲು. ನೀರಿಗೂ ತಡೆಯುತ್ತೆ. ಆದ್ರೆ ಸ್ವಲ್ಪ ನಿಧಾನ ಓಡುತ್ತೆ, ಅದಕ್ಕೇ ಈ ಬೆಲೆಗೆ ಬರೋದು. ಇಲ್ಲಾಂದ್ರೆ ನಾಲ್ಕು ದಿನ ತಡೀರಿ, ಬೇರೆ ತರಿಸ್ತೀನಿ" ಎಂದ.

"ತಡೆಯೋದು ಬೇಡ ಸ್ವಾಮಿ. ತಡೆದದ್ದು ಸಾಕು" ಎಂದು ನೀರುಗಂಟಿ ಕೈ ಚಾಚಿದ.

ಬೆಳಗಾಗುವ ಹೊತ್ತಿಗೆ ಅವನು ಗಂಗಮ್ಮನ ಹೆಸರು ಹೇಳಿ ತೂಬು ಎತ್ತಿದ. ನೀರು ಕಾಲುವೆಗೆ ಬಿತ್ತು. ಆ ಸದ್ದು ಕೇಳಿಯೇ ಊರು ಎದ್ದು ಬಂತು. ಪಾಳಿಯಂತೆ ಮೊದಲು ಗೌಡರ ಗದ್ದೆ. ಅವನು ಕಂಡಿ ತೆಗೆದ, ವಾಚು ನೋಡಿದ, ಹೊತ್ತಾದ ಮೇಲೆ ಮುಚ್ಚಿದ. ಗೌಡರು ಬದುವಿನ ಮೇಲೆ ನಿಂತು ತಮ್ಮ ಗದ್ದೆಯಲ್ಲಿ ನೀರು ಹರಡುವುದನ್ನು ನೋಡಿ ಸಂತೋಷಪಟ್ಟರು. ಅವನು ಮುಂದಿನ ಗದ್ದೆಗೆ ತಿರುಗಿಸಿದ. ಅಲ್ಲಿಯೂ ನೀರು ತುಂಬಿದ ಮೇಲೆ ಗೌಡರು ತಮ್ಮ ಕೈಯ ವಾಚು ನೋಡಿಕೊಂಡರು.

"ನಿಲ್ಸು. ಅವನ ಹೊತ್ತು ಮುಗಿದು ಆಗ್ಲೇ ಎಷ್ಟೋ ಹೊತ್ತಾಯ್ತು. ನಿನ್ನ ವಾಚು ಹಿಂದೆ ಬಿದ್ದಿದೆ" ಎಂದರು.

ಜನ ಸುತ್ತಲೂ ಸೇರಿತು. ಒಬ್ಬೊಬ್ಬರೂ ಅಂಗಿಯ ತೋಳು ಮೇಲಕ್ಕೆ ಸರಿಸಿ ತಮ್ಮ ತಮ್ಮ ವಾಚು ನೋಡಿಕೊಂಡರು. ಹಿಂದೆ ಬಿದ್ದದ್ದು ನಿಜವೇ ಎಂದರು. ತಾರೀಖಿನವನು, "ಅದಕ್ಕೇ ನಾನು ಹೇಳಿದ್ದು" ಎಂದ. ಏನು ಹೇಳಿದ್ದ ಎಂದು ಯಾರೂ ಕೇಳಲಿಲ್ಲ.

ತೂಬಿನ ಕೆಲಸ ತನ್ನ ಕೈಬಿಟ್ಟಿತು ಎಂದು ನೀರುಗಂಟಿಗೆ ಖಾತ್ರಿಯಾಯಿತು. ಇಷ್ಟು ಓಡಾಡಿ ಇಷ್ಟು ಬೈಸಿಕೊಂಡು ಕೊನೆಗೆ ಇದೇ ಗತಿಯಾಯಿತಲ್ಲ ಎಂದು ಅವನಿಗೆ ಅಳುವೂ ಬಂತು, ರೋಸಿಯೂ ಹೋಯಿತು. ಹೆದರಿಕೆ ಅಲ್ಲಿಗೆ ಮುಗಿಯಿತು.

"ಹಿಂದೆ ಬೀಳುತ್ತೆ ಗೌಡ್ರೇ, ಅಂಗಡಿಯವನೇ ಹೇಳಿದ" ಎಂದ. "ಇವರಿಗೆ ಎಷ್ಟು ಜಾಸ್ತಿ ಹೋಯ್ತೋ, ನಿಮಗೂ ಅಷ್ಟೇ ಜಾಸ್ತಿ ಬಂದಿದೆ. ನಿಮ್ಮ ಗದ್ದೆಗೆ ಬಿಟ್ಟಾಗ್ಲೂ ಇದನ್ನೇ ನೋಡಿದ್ದು. ಆಗ ತಾವು ಕೈ ನೋಡ್ಕೊಳ್ಳಲಿಲ್ಲ."

ಗೌಡರು ತಮ್ಮ ಗದ್ದೆಯ ಕಡೆ ನೋಡಿದರು. ನೀರು ಬದುವಿನ ಮಟ್ಟಕ್ಕೆ ನಿಂತಿತ್ತು. ಪಕ್ಕದ ಗದ್ದೆಯನ್ನೂ ನೋಡಿದರು. ಅಲ್ಲಿಯೂ ಅಷ್ಟೇ ನಿಂತಿತ್ತು. ಅವರು ಅಂಗಿಯ ತೋಳನ್ನು ನಿಧಾನವಾಗಿ ವಾಚಿನ ಮೇಲೆ ಎಳೆದುಕೊಂಡರು. ನೀರುಗಂಟಿ ಆ ಕಂಡಿಯನ್ನು ಮುಚ್ಚಿ ಮುಂದಿನವರ ಗದ್ದೆಗೆ ನೀರು ತಿರುಗಿಸಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮರುಳಯ್ಯ ಸ್ವಲ್ಪ ಕಾದ. ಕತೆ ಮುಂದುವರಿಯಲಿಲ್ಲ. "ಆಮೇಲಾದರೂ ಸರಿಯಾದ ವಾಚು ತಂದರೇ, ಬುದ್ಧಿ?" ಎಂದು ಕೇಳಿದ.

"ಇಲ್ಲ, ಅದನ್ನೇ ನೋಡಿ ನೀರು ಬಿಟ್ಟರು. ಆ ವರ್ಷ ಬೆಳೆ ಕೈಗೆ ಬಂತು."

"ತಪ್ಪು ತೋರಿಸುವ ವಾಚಿನಿಂದ ನ್ಯಾಯವಾಗುವುದು ಹೇಗೆ? ನನ್ನ ಪ್ರಶ್ನೆ ಯಾವುದು ಒಳ್ಳೆಯದು ಎಂದಲ್ಲವೇ? ಪರ್ವತಯ್ಯನನ್ನು ಯಾವ ನಿಯಮದಿಂದ ಅಳೆಯಬೇಕು ಎಂದು ತಾವು ಹೇಳಲೇ ಇಲ್ಲ."

ಗುರುಗಳು ಒಂದು ಕ್ಷಣ ಕಣ್ಣು ಮುಚ್ಚಿದರು. ಶಿವನೇ, ಇವನಿಗೂ ನೀನೇ ದಿಕ್ಕು ಎಂದು ಮನಸ್ಸಿನಲ್ಲೇ ಅಂದುಕೊಂಡಿರಬೇಕು. ಆಮೇಲೆ ಬಹಳ ಮೃದುವಾಗಿ ಹೇಳಿದರು:

"ಕಾರ್ತಿಕದಲ್ಲಿ ನೀನು ನಿದ್ದೆಹೋಗಿ ಪೂಜೆ ತಪ್ಪಿಸಿದ ದಿನ ಯಾವ ನಿಯಮದಿಂದ ನಿನ್ನನ್ನು ನೀನು ಮನ್ನಿಸಿಕೊಂಡೆಯೋ, ಅದರಿಂದಲೇ ಅವನನ್ನೂ ಅಳೆದುಬಿಡು, ಮರಿ."

ಮರುಳಯ್ಯ ಎದ್ದು ಹೊರಜಗುಲಿಯ ಕಡೆ ನಡೆದ.